ಬಿಸಿಲಿದ್ದಾಗ ಮಾತ್ರ ಕಾಡುವ ವೋಲ್ಟೇಜ್ ದೋಷ: ಸೋಲಾರ್ ಸೇರಿದ 11 ಕೆವಿ ಫೀಡರಿನಲ್ಲಿ ರೆಗ್ಯುಲೇಟರ್ ಪರೀಕ್ಷೆ ಮತ್ತು ಸೆಟ್ಟಿಂಗ್

ಮಂಡ್ಯದಂತಹ ನೀರಾವರಿ ಜಿಲ್ಲೆಯ ಉದ್ದನೆಯ 11 ಕೆವಿ ಫೀಡರುಗಳಲ್ಲಿ (ಸಬ್‌ಸ್ಟೇಷನ್ನಿನಿಂದ ಹೊರಡುವ ವಿತರಣಾ ಲೈನುಗಳು) ಕೊನೆಯ ಟಿಸಿಗಳ (ವಿತರಣಾ ಟ್ರಾನ್ಸ್‌ಫಾರ್ಮರುಗಳು) ವೋಲ್ಟೇಜ್ ಬೀಳುವುದು ಹಳೆಯ ದೂರು. ಇದಕ್ಕೆ ಪರಿಹಾರವಾಗಿ ಲೈನಿನ ನಡುವೆ, ವೋಲ್ಟೇಜನ್ನು ಹೆಜ್ಜೆ ಹೆಜ್ಜೆಯಾಗಿ ಏರಿಳಿಸುವ ಸ್ಟೆಪ್ ವೋಲ್ಟೇಜ್ ರೆಗ್ಯುಲೇಟರ್ ಕೂರಿಸಿದ ಮೇಲೆ, ಅದರಾಚೆಗೆ ಒಂದು ಸೋಲಾರ್ ಘಟಕ ಬಂದು ಸೇರಿದರೆ ದೂರಿನ ಸ್ವರೂಪವೇ ಬದಲಾಗುತ್ತದೆ. ಲೋಡ್ ಹೆಚ್ಚಿರುವ ಸಂಜೆಯ ಹೊತ್ತು ಎಲ್ಲವೂ ಸರಿಯಾಗಿರುತ್ತದೆ. ಲೋಡ್ ಕಡಿಮೆಯಿರುವ, ಬಿಸಿಲು ಚೆನ್ನಾಗಿರುವ ಮಧ್ಯಾಹ್ನದಲ್ಲಿ ಪಂಪ್‌ಸೆಟ್ಟಿನ ಪ್ಯಾನೆಲ್‌ಗಳು ಟ್ರಿಪ್ ಆಗುತ್ತವೆ, ಆಲೆಮನೆಯ ಗಾಣದ ಮೋಟಾರು ಬಿಸಿಯಾಗುತ್ತದೆ, ಸೋಲಾರ್ ಘಟಕದವರು ತಮ್ಮ ಇನ್ವರ್ಟರ್‌ಗಳು ದಿನಕ್ಕೆ ಹಲವು ಬಾರಿ ಗ್ರಿಡ್ಡಿನಿಂದ ಕಳಚಿಕೊಳ್ಳುತ್ತಿವೆ ಎಂದು ಪತ್ರ ಬರೆಯುತ್ತಾರೆ. ದೂರು ಕೊಡುವ ರೈತ ಹೇಳುವ ಮಾತಿನಲ್ಲೇ ಅರ್ಧ ರೋಗನಿರ್ಣಯ ಇರುತ್ತದೆ: "ಹನ್ನೊಂದು ಗಂಟೆ ಆದ್ಮೇಲೆ ಮೋಟ್ರು ಆನ್ ಮಾಡಿದ್ರೆ ಕಟ್ ಆಯ್ತದೆ, ಬಿಸ್ಲು ಇಳುದ್ಮೇಲೆ ತಾನಾಗೇ ಸರಿ ಹೋಯ್ತದೆ ಸಾ." ಬಿಸಿಲಿನ ಜೊತೆ ಬಂದು ಬಿಸಿಲಿನ ಜೊತೆ ಹೋಗುವ ದೋಷಕ್ಕೆ ಸಡಿಲ ಜಂಪು (ಲೈನನ್ನು ಜೋಡಿಸುವ ತುಂಡು ತಂತಿ), ಹಳೆಯ ಕಂಡಕ್ಟರ್, ಟಿಸಿಯ ನ್ಯೂಟ್ರಲ್ ಕಾರಣವಾಗಿರುವುದು ವಿರಳ. ಅವನ್ನು ಒಮ್ಮೆ ನೋಡಿ ಬಿಟ್ಟು, ರೆಗ್ಯುಲೇಟರಿನ ಕಂಟ್ರೋಲ್ ಬಾಕ್ಸ್ ತೆರೆಯಬೇಕು.

ಈ ಬರಹ 32 ಹೆಜ್ಜೆಯ ಸಿಂಗಲ್ ಫೇಸ್ ಸ್ಟೆಪ್ ರೆಗ್ಯುಲೇಟರಿಗೆ ಸಂಬಂಧಿಸಿದ್ದು. ಸಬ್‌ಸ್ಟೇಷನ್ನಿನ 66/11 ಕೆವಿ ಟ್ರಾನ್ಸ್‌ಫಾರ್ಮರಿನ ಓಎಲ್‌ಟಿಸಿಗೂ (ಲೋಡ್ ಇರುವಾಗಲೇ ಟ್ಯಾಪ್ ಬದಲಿಸುವ ಸಾಧನ) ಇದರ ತರ್ಕ ಬಹುಪಾಲು ಅನ್ವಯಿಸುತ್ತದೆಯಾದರೂ ಅಲ್ಲಿನ ಹೆಜ್ಜೆಯ ಅಳತೆ ಬೇರೆ.

ಯಂತ್ರ ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ

ರೆಗ್ಯುಲೇಟರ್ ಎಂದರೆ ಆಟೋ ಟ್ರಾನ್ಸ್‌ಫಾರ್ಮರ್ ಮತ್ತು ಲೋಡಿನಲ್ಲೇ ಬದಲಾಗುವ ಟ್ಯಾಪ್, ಅಂದರೆ ಸುರುಳಿಯ ಎಷ್ಟು ಸುತ್ತು ಬಳಕೆಯಲ್ಲಿರಬೇಕೆಂದು ಬದಲಿಸುವ ಜಾಗ. ನ್ಯೂಟ್ರಲ್‌ನಿಂದ (ಏರಿಸದ, ಇಳಿಸದ ಸ್ಥಾನ) ಮೇಲಕ್ಕೆ (ರೈಸ್) 16, ಕೆಳಕ್ಕೆ (ಲೋವರ್) 16 ಹೆಜ್ಜೆ. ಒಟ್ಟು ವ್ಯಾಪ್ತಿ ಶೇ. 10 ಮೇಲೆ, ಶೇ. 10 ಕೆಳಗೆ, ಅಂದರೆ ಒಂದು ಹೆಜ್ಜೆಗೆ ಶೇ. 0.625, 11 ಕೆವಿಯಲ್ಲಿ ಸುಮಾರು 69 ವೋಲ್ಟ್. ಪಿಟಿಯ (ಅಳೆಯುವುದಕ್ಕಾಗಿ ಲೈನಿನ ವೋಲ್ಟೇಜನ್ನು ಇಳಿಸುವ ಟ್ರಾನ್ಸ್‌ಫಾರ್ಮರ್) ಅನುಪಾತ 11000/110 ಆಗಿದ್ದರೆ ಕಂಟ್ರೋಲಿನ ಪರದೆಯ ಮೇಲೆ ಪ್ರತಿ ಹೆಜ್ಜೆಗೆ 0.7 ವೋಲ್ಟಿನಷ್ಟು ಬದಲಾವಣೆ ಕಾಣಬೇಕು. ಅನುಪಾತ ನೂರಾದ್ದರಿಂದ ಲೆಕ್ಕ ಸುಲಭ: 112 ಎಂದು ತೋರಿಸಿದರೆ ಲೈನಿನಲ್ಲಿ 11.2 ಕೆವಿ ಇದೆ.

ಮುಮ್ಮುಖ ಹರಿವಿನಲ್ಲಿ (ವಿದ್ಯುತ್ತು ಸಬ್‌ಸ್ಟೇಷನ್ನಿನಿಂದ ಲೋಡಿನ ಕಡೆಗೆ ಹೋಗುವಾಗ) ಕಂಟ್ರೋಲ್ ಎಲ್ ಬುಶಿಂಗಿನ (ತಂತಿ ಸೇರುವ ತುದಿ), ಅಂದರೆ ಲೋಡ್ ಬದಿಯ ವೋಲ್ಟೇಜನ್ನು ಹಿಡಿದು ನಿಲ್ಲಿಸುತ್ತದೆ. ಹರಿವು ತಿರುಗಿದೆ ಎಂದು ಅದು ತೀರ್ಮಾನಿಸುವುದು ಕರೆಂಟಿನ ವಾಸ್ತವ ಭಾಗದ (ಕಿಲೋವಾಟ್ ಒಯ್ಯುವ ಭಾಗ) ಚಿಹ್ನೆಯಿಂದ. 200 ಆಂಪಿಯರ್ ಸಿಟಿ (ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್) ಇದ್ದು ಮಿತಿಯನ್ನು ಶೇ. 2ಕ್ಕೆ ಇಟ್ಟಿದ್ದರೆ, ಬರೇ 4 ಆಂಪಿಯರ್ ಹಿಮ್ಮುಖವಾದರೂ ಸಾಕು. ಆಗ 'ಬೈ-ಡೈರೆಕ್ಷನಲ್' ಎಂಬ ಮೋಡ್‌ನಲ್ಲಿರುವ ಕಂಟ್ರೋಲ್ ತನ್ನ ನೋಟವನ್ನು ಎಸ್ ಬುಶಿಂಗಿನ, ಅಂದರೆ ಸಬ್‌ಸ್ಟೇಷನ್ ಬದಿಯ ಕಡೆಗೆ ತಿರುಗಿಸಿ, ಆ ಬದಿಯ ವೋಲ್ಟೇಜನ್ನು ನಿಯಂತ್ರಿಸಲು ಹೊರಡುತ್ತದೆ. ಈ ಮೋಡ್ ಮಾಡಿರುವುದು ರಿಂಗ್ ಫೀಡರುಗಳಿಗಾಗಿ: ಒಂದು ಸಬ್‌ಸ್ಟೇಷನ್ ಕೈಬಿಟ್ಟಾಗ ಜಿಓಎಸ್ (ಲೈನಿನ ಮೂರೂ ಫೇಸನ್ನು ಒಟ್ಟಿಗೆ ಸೇರಿಸುವ-ಬಿಡಿಸುವ ಸ್ವಿಚ್) ಹಾಕಿ ಆಚೆ ಸಬ್‌ಸ್ಟೇಷನ್ನಿನಿಂದ ಸಪ್ಲೈ ತೆಗೆದುಕೊಂಡರೆ, ಬಲವಾದ ಮೂಲವೇ ಬದಿ ಬದಲಾಯಿಸುತ್ತದೆ; ಆಗ ಈ ಮೋಡ್ ಸರಿ.

ಸೋಲಾರ್ ವಿಷಯ ಹಾಗಲ್ಲ. ವಿದ್ಯುತ್ತಿನ ದಿಕ್ಕು ತಿರುಗಿದೆ, ಆದರೆ ಬಲವಾದ ಮೂಲ ಇದ್ದಲ್ಲೇ ಇದೆ. ಎಸ್ ಬದಿಯ ಹಿಂದೆ 66 ಕೆವಿ ಜಾಲ ನಿಂತಿದೆ. ಎಲ್ ಬದಿಯ ಹಿಂದೆ ಇರುವುದು ಗ್ರಿಡ್ಡಿನ ವೋಲ್ಟೇಜನ್ನು ಅನುಸರಿಸಿ ಕರೆಂಟ್ ತಳ್ಳುವ ಒಂದಷ್ಟು ಇನ್ವರ್ಟರುಗಳು. ಕಂಟ್ರೋಲಿಗೆ ದಿಕ್ಕು ಕಾಣುತ್ತದೆ, ಬಲ ಕಾಣುವುದಿಲ್ಲ. ಈ ದೋಷದ ಬೇರು ಇಲ್ಲಿದೆ.

ಒಂದು ಫೀಡರಿನ ಲೆಕ್ಕ

ಮದ್ದೂರು–ಮಳವಳ್ಳಿ ಕಡೆಯ ಕಬ್ಬಿನ ಬಯಲಿನಲ್ಲಿ ಹಾದುಹೋಗುವ ಒಂದು ಮಾದರಿ ಫೀಡರನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ರೆಗ್ಯುಲೇಟರಿನ ಆಚೆಗೆ ಮಧ್ಯಾಹ್ನದ ಲೋಡ್ 0.8 ಪವರ್ ಫ್ಯಾಕ್ಟರಿನಲ್ಲಿ 70 ಆಂಪಿಯರ್, ಅಂದರೆ 1.07 ಮೆಗಾವಾಟ್ ಮತ್ತು 0.8 ಎಂವಿಎಆರ್ ರಿಯಾಕ್ಟಿವ್ ಪವರ್ (ಮೋಟಾರುಗಳ ಕಾಂತಕ್ಷೇತ್ರಕ್ಕೆ ಬೇಕಾದದ್ದು). ಸೋಲಾರ್ ಘಟಕ 2 ಮೆಗಾವಾಟ್, ಯೂನಿಟಿ ಪವರ್ ಫ್ಯಾಕ್ಟರ್, ಅಂದರೆ ಅದು ಕೊಡುವುದು ಬರೇ ಕಿಲೋವಾಟ್. ನಡುಹಗಲಲ್ಲಿ 0.93 ಮೆಗಾವಾಟ್ ಸಬ್‌ಸ್ಟೇಷನ್ ಕಡೆಗೆ ಹಿಂತಿರುಗುತ್ತದೆ. ಕರೆಂಟಿನ ವಾಸ್ತವ ಭಾಗ 49 ಆಂಪಿಯರ್ ಹಿಮ್ಮುಖ.

ಈಗ ಎಸ್ ಬದಿಯಲ್ಲಿ 11.15 ಕೆವಿ ಇದೆ, ಕಂಟ್ರೋಲಿಗೆ ಅದು 111.5 ವೋಲ್ಟ್. ರಿವರ್ಸ್ ಸೆಟ್ಟಿಂಗ್ 110 ವೋಲ್ಟ್, ಬ್ಯಾಂಡ್ 2 ವೋಲ್ಟ್. ಆದ್ದರಿಂದ 109ರಿಂದ 111ರವರೆಗೆ ಸರಿ, ಅದರಾಚೆ ಕೆಲಸ. ಅರ್ಧ ವೋಲ್ಟ್ ಹೆಚ್ಚಿದೆಯೆಂದು ಕಂಡ ಕಂಟ್ರೋಲ್ ಎಸ್ ಬದಿಯನ್ನು ಇಳಿಸಲು ಟ್ಯಾಪನ್ನು ರೈಸ್ ಕಡೆಗೆ ಒಯ್ಯುತ್ತದೆ, ಏಕೆಂದರೆ ಎಲ್ ಬದಿ ಬಲವಾದ ಮೂಲವಾಗಿದ್ದಿದ್ದರೆ ಅನುಪಾತ ಹೆಚ್ಚಿಸಿದಾಗ ಎಸ್ ಬದಿ ಇಳಿಯಬೇಕಿತ್ತು. ಆದರೆ ಎಸ್ ಬದಿ 66 ಕೆವಿಗೆ ಕಟ್ಟಿಹಾಕಿದಂತಿದೆ, ಕದಲುವುದಿಲ್ಲ. ಬದಲಿಗೆ ಎಲ್ ಬದಿ ಏರುತ್ತದೆ. ಮೊದಲ 30 ಸೆಕೆಂಡ್ ಕಾದ ಕಂಟ್ರೋಲ್ ಆಮೇಲೆ ಬ್ಯಾಂಡಿನೊಳಗೆ ಬರುವ ತನಕ ಚಿಕ್ಕ ಚಿಕ್ಕ ವಿರಾಮ ಕೊಟ್ಟು ಹೆಜ್ಜೆ ಹಾಕುತ್ತಲೇ ಹೋಗುತ್ತದೆ, ಮತ್ತು ಬ್ಯಾಂಡ್ ಎಂದೂ ಸಿಗುವುದಿಲ್ಲ. 8ನೇ ರೈಸ್‌ನಲ್ಲಿ ಎಲ್ ಬದಿ 11.7 ಕೆವಿ ಮುಟ್ಟಿ, 11 ಕೆವಿಗೆ ಇರುವ +6, −9 ಶೇಕಡಾ ಮಿತಿಯ ಮೇಲಂಚನ್ನು ದಾಟುತ್ತದೆ. 14ನೇ ರೈಸ್‌ನಲ್ಲಿ 12.1 ಕೆವಿ.

ಅಲ್ಲಿ ಸೋಲಾರ್ ಕಳಚಿಕೊಳ್ಳುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ವಿತರಿತ ಉತ್ಪಾದನೆಯ ಸಂಪರ್ಕ ನಿಯಮಗಳ ಪ್ರಕಾರ ವೋಲ್ಟೇಜ್ ಶೇ. 110 ಮೀರಿದರೆ ಅಥವಾ ಶೇ. 80ಕ್ಕಿಂತ ಇಳಿದರೆ ಎರಡು ಸೆಕೆಂಡಿನೊಳಗೆ ಇನ್ವರ್ಟರ್ ಹೊರಬರಬೇಕು, ಮತ್ತು ಗ್ರಿಡ್ ಕನಿಷ್ಠ 60 ಸೆಕೆಂಡ್ ಸ್ಥಿರವಾಗಿದ್ದ ಮೇಲೆಯೇ ಮತ್ತೆ ಸೇರಬೇಕು. ಸೋಲಾರ್ ಹೋದೊಡನೆ ಹರಿವು ಮುಮ್ಮುಖವಾಗುತ್ತದೆ. ಕಂಟ್ರೋಲ್ ಮತ್ತೆ ಎಲ್ ಬದಿ ನೋಡಿ, ಅಲ್ಲಿ 120 ದಾಟಿರುವುದನ್ನು ಕಂಡು, ಟ್ಯಾಪ್ ಇಳಿಸುತ್ತದೆ. ವೋಲ್ಟೇಜ್ ಸರಿಯಾಗುತ್ತದೆ, ಇನ್ವರ್ಟರುಗಳು ಮರಳಿ ಸೇರುತ್ತವೆ, ಹರಿವು ತಿರುಗುತ್ತದೆ, ಆಟ ಮೊದಲಿನಿಂದ ಶುರು. ಗ್ರಾಫಿನಲ್ಲಿ ಇದು ಗರಗಸದ ಹಲ್ಲಿನಂತೆ ಕಾಣುತ್ತದೆ. ಟ್ಯಾಪ್ ಕೌಂಟರ್ ಒಂದೇ ಮಧ್ಯಾಹ್ನದಲ್ಲಿ ವಾರದ ಕೆಲಸ ಮಾಡಿರುತ್ತದೆ. ಕಾಂಟ್ಯಾಕ್ಟುಗಳು ಸವೆದು ಎಣ್ಣೆ ಕಪ್ಪಾಗುವುದು ಇದರ ಮುಂದಿನ ಅಧ್ಯಾಯ.

ಇದೇ ದೋಷಕ್ಕೆ ಇನ್ನೊಂದು ಮುಖವೂ ಇದೆ, ಮತ್ತು ಅದು ಹೆಚ್ಚು ಮೋಸ ಮಾಡುತ್ತದೆ. ಎಸ್ ಬದಿ 10.8 ಕೆವಿ ಇದ್ದರೆ ಕಂಟ್ರೋಲಿಗೆ 108 ಕಾಣುತ್ತದೆ. ಅದನ್ನು ಏರಿಸಲು ಟ್ಯಾಪ್ ಲೋವರ್ ಕಡೆಗೆ ಓಡಿ 16ರಲ್ಲಿ ನಿಲ್ಲುತ್ತದೆ, ಎಲ್ ಬದಿ 9.7 ಕೆವಿಗೆ ಕುಸಿಯುತ್ತದೆ. ಶೇ. 80ರ ಮಿತಿಯಾದ 8.8 ಕೆವಿ ಇನ್ನೂ ದೂರ ಇರುವುದರಿಂದ ಇನ್ವರ್ಟರುಗಳು ಟ್ರಿಪ್ ಆಗುವುದಿಲ್ಲ, ಆದ್ದರಿಂದ ಚಕ್ರವೂ ಮುರಿಯುವುದಿಲ್ಲ. ಬಿಸಿಲು ಇಳಿಯುವ ತನಕ ಇಡೀ ಪ್ರದೇಶ ಕಡಿಮೆ ವೋಲ್ಟೇಜಿನಲ್ಲೇ ಕುಳಿತಿರುತ್ತದೆ. ಪಕ್ಕದಲ್ಲೇ ಎರಡು ಮೆಗಾವಾಟ್ ಸೋಲಾರ್ ಓಡುತ್ತಿರುವಾಗ ಲೋ ವೋಲ್ಟೇಜ್ ಹೇಗೆ ಬಂತು ಎಂದು ಎಲ್ಲರೂ ತಲೆ ಕೆರೆದುಕೊಳ್ಳುವುದು ಇಲ್ಲಿಯೇ.

ಸ್ಥಳಕ್ಕೆ ಹೋಗುವ ಮುನ್ನ

ದೂರಿನ ವೇಳೆಗಳನ್ನು ಒಂದು ಹಾಳೆಯಲ್ಲಿ ಬರೆದು, ಸೋಲಾರ್ ಘಟಕದ ಉತ್ಪಾದನೆಯ ದಾಖಲೆ ಮತ್ತು ಸಬ್‌ಸ್ಟೇಷನ್ನಿನ ಲಾಗ್ ಪುಸ್ತಕದ ಗಂಟೆವಾರು ಫೀಡರ್ ಆಂಪಿಯರಿನ ಜೊತೆ ಹೋಲಿಸಿ. ಆಮೀಟರ್ ದಿಕ್ಕನ್ನು ತೋರಿಸುವುದಿಲ್ಲ ಎಂಬುದು ನೆನಪಿರಲಿ: ಬೆಳಿಗ್ಗೆ ಆಂಪಿಯರ್ ಇಳಿಯುತ್ತಾ ಹೋಗಿ, ಹನ್ನೊಂದರ ನಂತರ ಮತ್ತೆ ಏರಿದ್ದರೆ, ಆ ಏರಿಕೆ ಲೋಡಿನದ್ದಲ್ಲ, ಹಿಂದಕ್ಕೆ ಬರುತ್ತಿರುವ ವಿದ್ಯುತ್ತಿನದ್ದು.

ಈ ಭಾಗದಲ್ಲಿ ಇನ್ನೊಂದು ಸಂಗತಿಯನ್ನು ವಿಚಾರಿಸುವುದು ಒಳ್ಳೆಯದು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಿರುವ ದಿನಗಳಲ್ಲಿ ಅಚ್ಚುಕಟ್ಟಿನ ಬೋರ್‌ವೆಲ್‌ಗಳು ಕಡಿಮೆ ಓಡುತ್ತವೆ; ಪಂಪ್‌ಸೆಟ್ಟುಗಳು ಮಿಶ್ರವಾಗಿರುವ ಫೀಡರಿನಲ್ಲಿ ಲೋಡ್ ಇಳಿದಷ್ಟೂ ಹಿಮ್ಮುಖ ಹರಿವು ಹೆಚ್ಚುತ್ತದೆ. ದೂರುಗಳು ನಾಲೆಯ ಸರದಿಯ ಜೊತೆಗೆ ಬಂದು ಹೋಗುತ್ತಿದ್ದರೆ ಅದನ್ನು ಕಾಕತಾಳೀಯವೆಂದು ಬದಿಗಿಡಬೇಡಿ.

ಬಾಕ್ಸ್ ತೆರೆದ ಮೇಲೆ

ಮೊದಲು ಕೆಳಗಿನಿಂದಲೇ ಟ್ಯಾಪ್ ಸ್ಥಾನ ತೋರಿಸುವ ಡಯಲನ್ನು ನೋಡಿ. ಅದರಲ್ಲಿ ಮುಖ್ಯ ಮುಳ್ಳಿನ ಜೊತೆಗೆ, ಕೊನೆಯ ಬಾರಿ ರಿಸೆಟ್ ಮಾಡಿದಾಗಿನಿಂದ ಟ್ಯಾಪ್ ಎಲ್ಲಿಯವರೆಗೆ ಹೋಗಿತ್ತು ಎಂಬುದನ್ನು ಹಿಡಿದಿಡುವ ಎರಡು ಚಿಕ್ಕ ಮುಳ್ಳುಗಳಿವೆ. ಮುಖ್ಯ ಮುಳ್ಳು 3ನೇ ರೈಸ್‌ನಲ್ಲಿ ಸಾಧುವಾಗಿ ನಿಂತಿದ್ದು, ಚಿಕ್ಕ ಮುಳ್ಳೊಂದು 14ಕ್ಕೋ 16ಕ್ಕೋ ತಗುಲಿಕೊಂಡಿದ್ದರೆ, ನೀವಿಲ್ಲದ ಹೊತ್ತಿನಲ್ಲಿ ಏನಾಯಿತು ಎಂಬುದಕ್ಕೆ ಅದೇ ಸಾಕ್ಷಿ. ಓದಿಕೊಂಡು, ಬರೆದುಕೊಂಡು, ಆಮೇಲೆ ರಿಸೆಟ್ ಮಾಡಿ. ಬರೆಯುವ ಮುನ್ನ ರಿಸೆಟ್ ಒತ್ತುವವರೇ ಹೆಚ್ಚು. ಕೌಂಟರಿನ ಸಂಖ್ಯೆಯನ್ನೂ ಅದೇ ಹಾಳೆಯಲ್ಲಿ ಬರೆಯಿರಿ.

ಪರದೆಯ ಮೇಲೆ ಎಸ್ ಬದಿ ವೋಲ್ಟೇಜ್, ಎಲ್ ಬದಿ ವೋಲ್ಟೇಜ್, ಕಿಲೋವಾಟಿನ ಚಿಹ್ನೆ, ಪವರ್ ಫ್ಯಾಕ್ಟರ್ ಮತ್ತು ಈಗ ಜಾರಿಯಲ್ಲಿರುವ ಮೋಡ್ ಇಷ್ಟನ್ನೂ ನೋಡಿ. ಎಸ್ ಬದಿಗೆ ಪ್ರತ್ಯೇಕ ಪಿಟಿ ಇಲ್ಲದ ರೆಗ್ಯುಲೇಟರುಗಳಲ್ಲಿ ಆ ಅಂಕಿಯನ್ನು ಕಂಟ್ರೋಲ್ ಟ್ಯಾಪ್ ಸ್ಥಾನದಿಂದ ಲೆಕ್ಕ ಹಾಕಿ ತೋರಿಸುತ್ತದೆ. ಟ್ಯಾಪ್ ಸ್ಥಾನದ ಗಣನೆ ತಪ್ಪಿದ್ದರೆ ಆ ಅಂಕಿಯೂ ಸುಳ್ಳು. ಆದ್ದರಿಂದ ಡಯಲಿನ ಸ್ಥಾನ ಮತ್ತು ಪರದೆಯ ಸ್ಥಾನ ಒಂದೇ ಎಂದು ಖಾತ್ರಿ ಮಾಡಿಕೊಂಡೇ ಮುಂದೆ ಹೋಗಬೇಕು.

ಕಿಲೋವಾಟಿನ ಚಿಹ್ನೆಯನ್ನು ನಂಬುವುದಕ್ಕೆ ಒಂದು ರಾತ್ರಿಯ ಓದು ಬೇಕು. ಸೋಲಾರ್ ಮಲಗಿದ ಮೇಲೆ, ಫೀಡರ್ ತನ್ನ ಸ್ವಂತ ಸಬ್‌ಸ್ಟೇಷನ್ನಿನ ಮೇಲೇ ಇರುವಾಗ, ಹರಿವು ಮುಮ್ಮುಖವೇ ಆಗಿರಬೇಕು. ಆಗಲೂ ರಿವರ್ಸ್ ತೋರಿಸುತ್ತಿದ್ದರೆ ಸಿಟಿಯ ಪೊಲಾರಿಟಿ ತಿರುಗಿದೆ ಅಥವಾ ಎಸ್ ಮತ್ತು ಎಲ್ ಬುಶಿಂಗುಗಳ ಜಂಪುಗಳು ಅದಲುಬದಲಾಗಿವೆ. ಅದು ಸೆಟ್ಟಿಂಗಿನಿಂದ ಸರಿಯಾಗುವ ದೋಷವಲ್ಲ. ಲೈನ್ ಕ್ಲಿಯರ್ (ಲೈನ್ ಆಫ್ ಮಾಡಿಸಿ ಕೆಲಸಕ್ಕೆ ಪಡೆಯುವ ಅನುಮತಿ) ತೆಗೆದುಕೊಂಡು ವೈರಿಂಗ್ ಸರಿಪಡಿಸಬೇಕು.

ಎರಡು ಯೂನಿಟ್ ಎರಡು ದಾರಿ ಹಿಡಿದಿದ್ದರೆ

ನಮ್ಮ 11 ಕೆವಿ ಲೈನುಗಳು ಮೂರು ತಂತಿಯವು, ನ್ಯೂಟ್ರಲ್ ಜೊತೆಯಲ್ಲಿ ಬರುವುದಿಲ್ಲ. ಹಾಗಾಗಿ ಸಿಂಗಲ್ ಫೇಸ್ ರೆಗ್ಯುಲೇಟರುಗಳನ್ನು ಫೇಸ್‌ನಿಂದ ಫೇಸಿಗೆ ಕಟ್ಟಬೇಕಾಗುತ್ತದೆ. ಎರಡೇ ಯೂನಿಟ್ ಬಳಸಿದರೆ ಅದು ಓಪನ್ ಡೆಲ್ಟಾ. ಈ ಜೋಡಣೆಯಲ್ಲಿ ಒಂದು ಯೂನಿಟ್ಟಿನ ಕಂಟ್ರೋಲಿಗೆ ಕರೆಂಟು 30 ಡಿಗ್ರಿ ಹೆಚ್ಚು ಹಿಂದೆ ಬಿದ್ದಂತೆಯೂ ಇನ್ನೊಂದಕ್ಕೆ 30 ಡಿಗ್ರಿ ಮುಂದೆ ಬಂದಂತೆಯೂ ಕಾಣುತ್ತದೆ. ಈ ಕೋನವನ್ನು ಕಂಟ್ರೋಲಿನ ಜೋಡಣೆಯ ಸೆಟ್ಟಿಂಗಿನಲ್ಲಿ ಹೇಳಿಕೊಡದಿದ್ದರೆ, ಕಾಲೇಜಿನ ಎರಡು ವಾಟ್‌ಮೀಟರ್ ಪ್ರಯೋಗದಲ್ಲಿ ಪವರ್ ಫ್ಯಾಕ್ಟರ್ 0.5ಕ್ಕಿಂತ ಇಳಿದಾಗ ಒಂದು ಮೀಟರಿನ ಮುಳ್ಳು ಹಿಂದಕ್ಕೆ ಹೊಡೆದುಕೊಂಡದ್ದೇ ಇಲ್ಲಿಯೂ ಆಗುತ್ತದೆ.

ಸೋಲಾರ್ ಬರುವ ಮುನ್ನ ಈ ತಪ್ಪು ವರ್ಷಗಟ್ಟಲೆ ಮುಚ್ಚಿಕೊಂಡಿರಬಹುದು, ಏಕೆಂದರೆ ಲೋಡಿನ ಪವರ್ ಫ್ಯಾಕ್ಟರ್ ಅಷ್ಟು ಕೆಳಗೆ ಹೋಗುತ್ತಿರಲಿಲ್ಲ. ಸೋಲಾರ್ ಬಂದ ಮೇಲೆ ಕಿಲೋವಾಟನ್ನು ಅದು ಕೊಡುತ್ತದೆ, ಮೋಟಾರುಗಳಿಗೆ ಬೇಕಾದ ರಿಯಾಕ್ಟಿವ್ ಪವರ್ ಮಾತ್ರ ಎಂದಿನಂತೆ ಸಬ್‌ಸ್ಟೇಷನ್ನಿನಿಂದಲೇ ಬರುತ್ತದೆ. ನಮ್ಮ ಫೀಡರಿನಲ್ಲಿ ಬೆಳಗಿನ ಹೊತ್ತು ಸೋಲಾರ್ 0.8 ಮೆಗಾವಾಟ್ ಕೊಡುತ್ತಿದೆ ಎನ್ನಿ: ರೆಗ್ಯುಲೇಟರಿನ ಮೂಲಕ ಹೋಗುವುದು 0.27 ಮೆಗಾವಾಟ್ ಮತ್ತು 0.8 ಎಂವಿಎಆರ್, ಅಂದರೆ 44 ಆಂಪಿಯರ್, ಪವರ್ ಫ್ಯಾಕ್ಟರ್ 0.32. ಹರಿವು ನಿಜಕ್ಕೂ ಮುಮ್ಮುಖವೇ. ಆದರೆ ಕೋನ ಸರಿಪಡಿಸದ ಕಂಟ್ರೋಲುಗಳಲ್ಲಿ ಒಂದಕ್ಕೆ 41 ಡಿಗ್ರಿ, ಇನ್ನೊಂದಕ್ಕೆ 101 ಡಿಗ್ರಿ ಕಾಣುತ್ತದೆ. ಎರಡನೆಯದರ ಲೆಕ್ಕದಲ್ಲಿ ಸುಮಾರು 9 ಆಂಪಿಯರ್ ಹಿಂದಕ್ಕೆ ಹರಿಯುತ್ತಿದೆ, 4 ಆಂಪಿಯರಿನ ಮಿತಿ ದಾಟಿದೆ. ಅದು ರಿವರ್ಸ್ ಮೋಡಿಗೆ ಹೋಗಿ ಒಂದು ತುದಿಗೆ ಓಡುತ್ತದೆ, ಜೊತೆಗಾರ ಯೂನಿಟ್ ಇದ್ದಲ್ಲೇ ಇರುತ್ತದೆ. ಮೂರು ಫೇಸ್ ವೋಲ್ಟೇಜ್ ಅಸಮವಾಗುತ್ತದೆ, ಮೋಟಾರುಗಳು ಸುಡುವುದು ಮುಖ್ಯವಾಗಿ ಈ ಅಸಮತೆಯಿಂದ. ಎರಡು ಡಯಲುಗಳ ಮುಳ್ಳು ಹತ್ತಾರು ಹೆಜ್ಜೆ ದೂರ ನಿಂತಿದ್ದರೆ ಮೋಡ್ ಮುಟ್ಟುವ ಮುನ್ನ ಜೋಡಣೆಯ ಕೋನವನ್ನು ನೋಡಿ: ಯಾವ ಯೂನಿಟ್ ಲೀಡಿಂಗ್, ಯಾವುದು ಲ್ಯಾಗಿಂಗ್ ಎಂಬುದನ್ನು ಸೋಲಾರ್ ಇಲ್ಲದ ಹೊತ್ತಿನಲ್ಲಿ ಎರಡರ ಪವರ್ ಫ್ಯಾಕ್ಟರ್ ಓದಿ ಗುರುತಿಸಬಹುದು.

ನಿರ್ಣಾಯಕ ಪರೀಕ್ಷೆ

ಪರದೆ, ಕೈಪಿಡಿ, ಅನುಮಾನ ಇವೆಲ್ಲಕ್ಕಿಂತ ನಾನು ನಂಬುವುದು ಒಂದು ಸರಳ ಪರೀಕ್ಷೆಯನ್ನು. ಸೋಲಾರ್ ಚೆನ್ನಾಗಿ ಓಡುತ್ತಿರುವಾಗ, ಪರದೆ ರಿವರ್ಸ್ ತೋರಿಸುತ್ತಿರುವಾಗ, ಕಂಟ್ರೋಲನ್ನು ಆಟೋದಿಂದ ಮ್ಯಾನ್ಯುಯಲ್‌ಗೆ ಹಾಕಿ. ಎರಡೂ ಬದಿಯ ವೋಲ್ಟೇಜ್ ಬರೆದುಕೊಂಡು ಒಂದೇ ಒಂದು ಹೆಜ್ಜೆ ಸರಿಸಿ. ಎಲ್ ಬದಿ ಈಗಾಗಲೇ ಎತ್ತರದಲ್ಲಿದ್ದರೆ ಲೋವರ್ ಕಡೆಗೆ, ತಗ್ಗಿದ್ದರೆ ರೈಸ್ ಕಡೆಗೆ. ಎಲ್ ಬದಿ 0.7 ವೋಲ್ಟಿನಷ್ಟು ಕದಲಿ ಎಸ್ ಬದಿ ಅಲುಗದಿದ್ದರೆ, ವಿದ್ಯುತ್ತು ಯಾವ ಕಡೆ ಹರಿಯುತ್ತಿದ್ದರೂ ಸರಿ, ಬಲವಾದ ಮೂಲ ಎಸ್ ಬದಿಯಲ್ಲಿದೆ. ನಿಯಂತ್ರಿಸಬೇಕಾದದ್ದು ಕದಲಿದ ಬದಿಯನ್ನು. ಎಸ್ ಬದಿ ಕದಲಿ ಎಲ್ ನಿಂತಿದ್ದರೆ ಫೀಡರ್ ಬೇರೆ ಕಡೆಯಿಂದ ಸಪ್ಲೈ ಪಡೆಯುತ್ತಿದೆ, ಯಾವುದೋ ಜಿಓಎಸ್ ಹಾಕಿಕೊಂಡಿದೆ.

ಎಸ್ ಬದಿಯ ಅಂಕಿ ಟ್ಯಾಪಿನಿಂದ ಲೆಕ್ಕ ಹಾಕಿದ್ದಾದರೆ ಅದನ್ನಷ್ಟೇ ನಂಬದೆ, ಹೆಜ್ಜೆ ಹಾಕುವ ಮುನ್ನ ಮತ್ತು ನಂತರ ಸಬ್‌ಸ್ಟೇಷನ್ ಆಪರೇಟರಿಗೆ ಫೋನ್ ಮಾಡಿ 11 ಕೆವಿ ಬಸ್ ವೋಲ್ಟೇಜ್ ಕೇಳಿಕೊಳ್ಳಿ. ಮೋಡ ಓಡಾಡುತ್ತಿರುವ ದಿನ ಈ ಪರೀಕ್ಷೆ ಬೇಡ. ಸೋಲಾರಿನ ಏರಿಳಿತವೇ 0.7 ವೋಲ್ಟನ್ನು ನುಂಗಿಹಾಕುತ್ತದೆ.

ಸೆಟ್ಟಿಂಗ್

ಎಸ್ ಬದಿ ಬಲವಾಗಿದೆ ಎಂದು ಖಚಿತವಾದರೆ ಮೋಡನ್ನು 'ಕೋ-ಜನರೇಷನ್'ಗೆ ಬದಲಾಯಿಸಿ. ತಯಾರಕರನ್ನು ಅನುಸರಿಸಿ ಈ ಹೆಸರು ಬೇರೆಯಾಗಬಹುದು, ಹುಡುಕಬೇಕಾದದ್ದು ಹರಿವು ತಿರುಗಿದರೂ ಎಲ್ ಬದಿಯನ್ನೇ ನಿಯಂತ್ರಿಸುತ್ತೇನೆ ಎನ್ನುವ ಮೋಡನ್ನು. 'ರಿವರ್ಸ್ ಐಡಲ್' ಹಾಕಿ ಕೈ ತೊಳೆದುಕೊಳ್ಳುವುದನ್ನೂ ನೋಡುತ್ತೇವೆ. ಅದರಲ್ಲಿ ಟ್ಯಾಪ್ ಓಡುವುದಿಲ್ಲ ನಿಜ, ಆದರೆ ಬೆಳಿಗ್ಗೆ ಪಂಪುಗಳ ಲೋಡಿಗೆ 8ನೇ ರೈಸಿಗೆ ಹೋದ ಟ್ಯಾಪ್, ಹರಿವು ತಿರುಗಿದ ಕ್ಷಣದಿಂದ ಅಲ್ಲೇ ಹೆಪ್ಪುಗಟ್ಟಿ, ಸೋಲಾರ್ ಏರಿಸುವ ವೋಲ್ಟೇಜಿನ ಮೇಲೆ ತನ್ನ ಶೇ. 5ನ್ನೂ ಸೇರಿಸಿಕೊಂಡು ಮಧ್ಯಾಹ್ನವಿಡೀ ಕುಳಿತಿರುತ್ತದೆ. ತಾತ್ಕಾಲಿಕ ಉಪಾಯವಾಗಿ ಒಪ್ಪಬಹುದು, ಶಾಶ್ವತವಾಗಿ ಅಲ್ಲ.

ಲೈನ್ ಡ್ರಾಪ್ ಕಾಂಪೆನ್ಸೇಷನ್ (ಕರೆಂಟಿಗೆ ತಕ್ಕಂತೆ ಲೈನಿನಲ್ಲಿ ಬೀಳುವ ವೋಲ್ಟೇಜನ್ನು ಗುರಿಗೆ ಸೇರಿಸುವ ವ್ಯವಸ್ಥೆ) ಬಳಸುತ್ತಿದ್ದರೆ ಅದನ್ನೂ ಮರುಪರಿಶೀಲಿಸಬೇಕು. 200 ಆಂಪಿಯರಿಗೆ 4 ವೋಲ್ಟ್ ಎಂದು ಆರ್ (ಲೈನಿನ ರೆಸಿಸ್ಟೆನ್ಸ್) ಸೆಟ್ಟಿಂಗ್ ಇದ್ದರೆ, ಸೋಲಾರ್ ಇಲ್ಲದಾಗ 56 ಆಂಪಿಯರ್ ವಾಸ್ತವ ಕರೆಂಟಿಗೆ 1.1 ವೋಲ್ಟ್ ಹೆಚ್ಚುವರಿ ಸಿಗುತ್ತದೆ. 49 ಆಂಪಿಯರ್ ಹಿಮ್ಮುಖವಾದಾಗ ಅದೇ ಸೆಟ್ಟಿಂಗ್ ಗುರಿಯನ್ನು ಒಂದು ವೋಲ್ಟ್ ಕೆಳಕ್ಕೆ ಎಳೆಯುತ್ತದೆ. ಸೋಲಾರ್ ಘಟಕದ ಹತ್ತಿರದವರಿಗೆ ಇದು ಹಿತ. ಸೋಲಾರ್ ಇಲ್ಲದ ಕವಲಿನ ಕೊನೆಯ ಟಿಸಿಯವರಿಗೆ ಅಹಿತ, ಏಕೆಂದರೆ ಅವರ ಲೋಡ್ ಇಳಿದಿರುವುದಿಲ್ಲ, ರೆಗ್ಯುಲೇಟರಿನ ಸಿಟಿಗೆ ಕಾಣದಂತಾಗಿದೆಯಷ್ಟೆ. ಎರಡು ಕವಲುಗಳ ಲೋಡ್ ಬೇರೆ ಬೇರೆಯಾಗಿದ್ದರೆ ರಿವರ್ಸ್ ಕಾಂಪೆನ್ಸೇಷನ್ ಸೊನ್ನೆಗೆ ಇಡುವುದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ.

ವೋಲ್ಟೇಜ್ ಲಿಮಿಟರನ್ನು ಆನ್ ಮಾಡಿ, ಮೇಲಿನ ಮಿತಿ 115, ಕೆಳಗಿನ ಮಿತಿ 103ರ ಸುಮಾರಿಗೆ ಇಡಿ, ಶಾಸನಬದ್ಧ 116.6 ಮತ್ತು 100.1ರ ಒಳಗೆ ಸ್ವಲ್ಪ ಅಂತರ ಉಳಿಯುತ್ತದೆ. ಬ್ಯಾಂಡ್ 2 ವೋಲ್ಟಿಗಿಂತ ಕಿರಿದು ಮಾಡಬೇಡಿ, ಒಂದು ಹೆಜ್ಜೆಯೇ 0.7 ವೋಲ್ಟ್. ಕಾಯುವ ವೇಳೆ ಸಬ್‌ಸ್ಟೇಷನ್ನಿನ ಓಎಲ್‌ಟಿಸಿಗಿಂತ ಹೆಚ್ಚಿರಬೇಕು: ಅಲ್ಲಿ 30 ಸೆಕೆಂಡ್ ಇದ್ದರೆ ಇಲ್ಲಿ 45 ಅಥವಾ 60. ಮುಂಗಾರಿನ ಮೋಡಗಳ ಕಾಲಕ್ಕೆ 60ರ ಕಡೆಗೇ ನನ್ನ ಒಲವು.

ಕೈ ಹಾಕುವವರಿಗೆ ಎಚ್ಚರಿಕೆ

ಮ್ಯಾನ್ಯುಯಲ್ ಪರೀಕ್ಷೆ ಮತ್ತು ಸೆಟ್ಟಿಂಗಿಗೆ ಲೈನ್ ಆಫ್ ಮಾಡಬೇಕಿಲ್ಲ. ಆದರೆ ವೈರಿಂಗ್ ಮುಟ್ಟುವುದಿದ್ದರೆ, ಲೈನ್ ಕ್ಲಿಯರ್ ಪಡೆಯುವಾಗ ಸಬ್‌ಸ್ಟೇಷನ್ ಬದಿಯ ಜೊತೆಗೆ ಸೋಲಾರ್ ಘಟಕದ ಎಚ್‌ಟಿ ಐಸೊಲೇಟರನ್ನೂ ಕಣ್ಣಿಗೆ ಕಾಣುವಂತೆ ತೆರೆಸಿ, ಎರಡೂ ಬದಿ ಅರ್ತ್ ಮಾಡಬೇಕು. ಗ್ರಿಡ್ ಹೋದರೆ ಇನ್ವರ್ಟರ್ ತಾನೇ ನಿಲ್ಲುತ್ತದೆ ಎಂಬ ಭರವಸೆಯ ಮೇಲೆ ಯಾರೂ ಕಂಬ ಹತ್ತಬಾರದು. ಸಿಟಿ ಸೆಕೆಂಡರಿಯನ್ನು ಶಾರ್ಟ್ ಮಾಡದೆ ಬಿಚ್ಚಬಾರದು. ರೆಗ್ಯುಲೇಟರನ್ನು ಬಳಸಿ ಹೋಗದೆ ಲೈನನ್ನು ನೇರ ಸೇರಿಸುವ ಬೈಪಾಸ್ ಸ್ವಿಚ್ಚನ್ನು ಟ್ಯಾಪ್ ನ್ಯೂಟ್ರಲ್‌ನಲ್ಲಿ ಇಲ್ಲದಾಗ ಹಾಕಿದರೆ ಸೀರೀಸ್ ವೈಂಡಿಂಗ್ ಶಾರ್ಟ್ ಆಗಿ ರೆಗ್ಯುಲೇಟರ್ ಸಿಡಿಯಬಹುದು. ಡಯಲ್ ಸೊನ್ನೆಯಲ್ಲಿರುವುದು, ನ್ಯೂಟ್ರಲ್ ದೀಪ ಉರಿಯುವುದು, ಎಸ್ ಮತ್ತು ಎಲ್ ಬದಿಯ ವೋಲ್ಟೇಜ್ ಒಂದೇ ಇರುವುದು: ಮೂರೂ ಹೊಂದಿದ ಮೇಲೆ, ಟ್ಯಾಪ್ ಮೋಟಾರಿನ ಸಪ್ಲೈ ಕತ್ತರಿಸಿ, ಆಮೇಲೆ ಬೈಪಾಸ್.

ಸರಿಪಡಿಸಿದ ನಂತರ

ಚೆನ್ನಾಗಿ ಬಿಸಿಲಿರುವ, ಲೋಡ್ ಕಡಿಮೆಯಿರುವ ಒಂದು ಭಾನುವಾರ ಡಯಲಿನ ಚಿಕ್ಕ ಮುಳ್ಳುಗಳನ್ನು ರಿಸೆಟ್ ಮಾಡಿ ಬಿಟ್ಟು, ಸಂಜೆ ನೋಡಿ. ಮಧ್ಯಾಹ್ನ ಟ್ಯಾಪ್ ಲೋವರ್ ಕಡೆಗೆ ಕೆಲವು ಹೆಜ್ಜೆ ಸರಿದು, ಸಂಜೆ ಮರಳಿ ಬಂದಿದ್ದರೆ ಅದು ಆರೋಗ್ಯಕರ ನಡವಳಿಕೆ. 16ಕ್ಕೆ ಹೋಗಿ ನಿಂತಿದ್ದೂ ಎಲ್ ಬದಿ ಇನ್ನೂ ಎತ್ತರದಲ್ಲಿದ್ದರೆ, ಕಂಟ್ರೋಲ್ ಸರಿಯಿದೆ, ಸೋಲಾರ್ ಆ ಲೈನಿಗೆ ಹೆಚ್ಚಾಗಿದೆ ಎಂದರ್ಥ. ಆಗ ಇನ್ವರ್ಟರುಗಳು ಸ್ವಲ್ಪ ರಿಯಾಕ್ಟಿವ್ ಪವರ್ ಹೀರಿಕೊಳ್ಳುವಂತೆ ಪವರ್ ಫ್ಯಾಕ್ಟರ್ ಬದಲಿಸಲು ಘಟಕದವರ ಜೊತೆ ಮಾತನಾಡಬೇಕು. ಹಾಗೆ ಮಾಡಿದಾಗ ರೆಗ್ಯುಲೇಟರಿನ ಮೂಲಕ ಹೋಗುವ ಪವರ್ ಫ್ಯಾಕ್ಟರ್ ಇನ್ನಷ್ಟು ಹದಗೆಡುವುದರಿಂದ ಓಪನ್ ಡೆಲ್ಟಾ ಕೋನದ ಸೆಟ್ಟಿಂಗ್ ಸರಿಯಿರುವುದು ದುಪ್ಪಟ್ಟು ಮುಖ್ಯವಾಗುತ್ತದೆ.

ಕೊನೆಯದಾಗಿ ಜಿಓಎಸ್ ವಿಷಯ. ಕೋ-ಜನರೇಷನ್ ಮೋಡ್ ಎಲ್ ಬದಿಯನ್ನೇ ಹಿಡಿಯುವುದರಿಂದ, ಸಬ್‌ಸ್ಟೇಷನ್ನಿನಲ್ಲಿ ಕೆಲಸವಿದ್ದು ಪಕ್ಕದ ಫೀಡರಿನಿಂದ ಆಲ್ಟರ್ನೇಟ್ ಸಪ್ಲೈ ಕೊಟ್ಟ ದಿನ ಬಲವಾದ ಮೂಲ ಎಲ್ ಬದಿಗೆ ಬರುತ್ತದೆ, ಟ್ಯಾಪ್ ಓಡುವ ದೋಷ ಈ ಬಾರಿ ಇನ್ನೊಂದು ಕಡೆಯಿಂದ ಮರುಕಳಿಸುತ್ತದೆ. ಒಂದು ಹೆಜ್ಜೆ ಹಾಕಿ ಯಾವ ಬದಿ ಕದಲಿತೆಂದು ತಾನೇ ಅಳೆದು ಮೋಡ್ ಆರಿಸಿಕೊಳ್ಳುವ ಕಂಟ್ರೋಲುಗಳು ಈಗ ಬಂದಿವೆ. ಅವು ಇಲ್ಲದ ಕಡೆ, ಜಿಓಎಸ್ ಹಾಕುವ ಮುನ್ನ ರೆಗ್ಯುಲೇಟರನ್ನು ನ್ಯೂಟ್ರಲ್‌ಗೆ ತಂದು ಮ್ಯಾನ್ಯುಯಲ್‌ನಲ್ಲಿ ಇಡಬೇಕು, ಫೀಡರ್ ಸ್ವಸ್ಥಾನಕ್ಕೆ ಬಂದ ಮೇಲೆಯೇ ಆಟೋಗೆ ಹಾಕಬೇಕು. ಈ ಸೂಚನೆಯನ್ನು ಜಾರಿಯಲ್ಲಿರುವ ಸೆಟ್ಟಿಂಗಿನ ಪಟ್ಟಿಯ ಜೊತೆ ಕಂಟ್ರೋಲ್ ಬಾಕ್ಸಿನ ಬಾಗಿಲ ಒಳಬದಿಗೆ ಅಂಟಿಸಿ, ಒಂದು ಪ್ರತಿಯನ್ನು ಸಬ್‌ಸ್ಟೇಷನ್ ಆಪರೇಟರಿಗೂ ಇನ್ನೊಂದನ್ನು ಜಿಓಎಸ್ ಹಾಕುವ ಪವರ್‌ಮ್ಯಾನಿಗೂ ಕೊಡಿ.